ಕಮಾನು ಮೀಮಾಂಸೆ

ಉಪೋದ್ಘಾತ

ಆಗುಂಬೆ ಘಾಟಿ ಹತ್ತಿದರೆ ಶೃಂಗೇರಿಯ ದಾರಿ, ಇಳಿದರೆ ಉಡುಪಿಯ ದಾರಿ. ಅತ್ತ ಅದ್ವೈತದ ಪೀಠ, ಇತ್ತ ದ್ವೈತದ ನೆಲೆ, ನಡುವೆ 14 ಹೇರ್‌ಪಿನ್ ತಿರುವು. ಈ ಭೂಗೋಳ ಆಕಸ್ಮಿಕವಲ್ಲ ಎಂಬುದೇ ಪ್ರಸ್ತುತ ಪ್ರಬಂಧಕಾರನ ವಾದ. ಜೀವ-ಬ್ರಹ್ಮರ ಸಂಬಂಧವನ್ನು ಆಚಾರ್ಯರು ವಿಚಾರಿಸಿಕೊಂಡರು. ಎಡಚಕ್ರ-ಬಲಚಕ್ರಗಳ ಸಂಬಂಧವನ್ನು ಕೇಳುವವರಿರಲಿಲ್ಲ. ತೋಟದ ಕೊರಕಲಿನಲ್ಲಿ ಬಳುಕಲೇಬೇಕಾದ ಪಿಕಪ್ಪು ಘಾಟಿಯ ತಿರುವಿನಲ್ಲಿ ಬಳುಕಲೇಬಾರದು. ಸಮಸ್ಯೆ ಇಷ್ಟೇ.

ಮತತ್ರಯ

ಅದ್ವೈತಿಗಳದು ಸಾಲಿಡ್ ಆಕ್ಸಲ್. ಚಕ್ರ ಎರಡೆಂದು ಕಾಣುವುದು ಮಾಯೆ. ಇರುವುದು ಒಂದೇ ದಂಡ. ಎಡಗಡೆಯದು ಕಲ್ಲು ಹತ್ತಿದರೆ ಬಲಗಡೆಯದು ತಾನಾಗಿ ಹಳ್ಳಕ್ಕೆ ಒತ್ತಿಕೊಂಡು ನೆಲ ಹಿಡಿಯುತ್ತದೆ. ಕೊರಕಲಿನಲ್ಲಿ ಮೋಕ್ಷ. ಡಾಂಬರಿನ ಮೇಲೆ ಮಾತ್ರ ಒಂದು ಚಕ್ರದ ಪಾಪ ಇನ್ನೊಂದರ ತಲೆಗೆ.

ದ್ವೈತಿಗಳದು ಇಂಡಿಪೆಂಡೆಂಟ್ ಸಸ್ಪೆನ್ಷನ್. ಎಡ ಎಡವೇ, ಬಲ ಬಲವೇ, ಭೇದ ನಿತ್ಯ. ಗುಂಡಿಗೆ ಬಿದ್ದ ಚಕ್ರ ತನ್ನ ಕರ್ಮವನ್ನು ತಾನೇ ಉಣ್ಣುತ್ತದೆ. ಪಕ್ಕದ್ದು ತಿರುಗಿಯೂ ನೋಡುವುದಿಲ್ಲ. ಹೆದ್ದಾರಿಯಲ್ಲಿ ಪರಮಸುಖ. ಆದರೆ ಕಾಲು ಗಿಡ್ಡ. ಕೊರಕಲು ಆಳವಾದರೆ ಚಕ್ರ ನೆಲ ಸಿಗದೆ ತ್ರಿಶಂಕುವಾಗಿ ಸುಮ್ಮನೆ ತಿರುಗುತ್ತಿರುತ್ತದೆ.

ಆಗ ಮೇಲುಕೋಟೆಯ ದಿಕ್ಕಿನಿಂದ ವಿಶಿಷ್ಟಾದ್ವೈತಿಗಳು ಆ್ಯಂಟಿ-ರೋಲ್ ಬಾರ್ ಎಂಬ ಸರಳು ಹಿಡಿದು ಬಂದರು: ಚಕ್ರಗಳು ಬೇರೆಯೇ, ಸಂಬಂಧ ಮಾತ್ರ ಅಪೃಥಕ್. ತಿರುವಿನಲ್ಲಿ ಗಾಡಿ ವಾಲುವುದನ್ನು ಸರಳು ತಡೆಯಿತು. ಕೊರಕಲಿನಲ್ಲಿ ಇಳಿಯಬೇಕಾದ ಚಕ್ರವನ್ನೂ ಅಷ್ಟೇ ಭಕ್ತಿಯಿಂದ ತಡೆಯಿತು. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಈ ಸಂಬಂಧ ಕಳಚಲು ಸ್ವಿಚ್ಚುಂಟು. ಒಂದು ಗುಂಡಿ ಒತ್ತಿ ಇನ್ನೊಂದು ಗುಂಡಿಗೆ ಇಳಿಯುವ ಆ ಸನ್ಯಾಸ ಸಿರಿವಂತರಿಗೆ ಮಾತ್ರ ಸಾಧ್ಯ.

ಪ್ರಯೋಗಖಂಡ

ಪ್ರಬಂಧಕಾರನು ತನ್ನ ಪಿಕಪ್ಪಿನ ಹಿಂಬದಿ ಕಮಾನಿಗೆ, ಅಂದರೆ ಲೀಫ್ ಸ್ಪ್ರಿಂಗಿಗೆ, ದಪ್ಪ ಬ್ಲೇಡುಗಳನ್ನು ಕಟ್ಟಿಸಿದನು. ಬ್ಲೇಡಿನ ದಪ್ಪ ಎರಡು ಪಟ್ಟಾದರೆ ಅದರ ಬಿಗುವು ಎಂಟು ಪಟ್ಟು ಎಂಬ ಗಣಿತ ಅವನಿಗೆ ತಿಳಿಯುವ ಮೊದಲು ಅವನ ಸೊಂಟಕ್ಕೆ ತಿಳಿಯಿತು. ಅಡಿಕೆ ಮೂಟೆ ಹೇರಿದಾಗ ಗಾಡಿ ಮಠದ ಆನೆಯಂತೆ ಗಂಭೀರ. ಖಾಲಿ ಬರುವಾಗ ತಿರುವು ತಿರುವಿಗೂ ಹಿಂಭಾಗ ಕುಪ್ಪಳಿಸಿ ತಡೆಗೋಡೆಯಾಚೆ ಇಣುಕಿತು. ಬ್ಲೇಡು ಬಿಚ್ಚಿಸಿದನು. ಈಗ ಖಾಲಿ ಗಾಡಿ ತೊಟ್ಟಿಲು. ಮೂಟೆ ಹೇರಿದರೆ ಮಾತ್ರ ಹಿಂಬದಿ ನೆಲಕ್ಕೆ, ಹೆಡ್‌ಲೈಟು ಮರದ ಮೇಲಿನ ಮಂಗಗಳಿಗೆ.

ಸಿದ್ಧಾಂತ

ಕೊನೆಗೆ ತೀರ್ಥಹಳ್ಳಿ ದಾರಿಯ ಒಬ್ಬ ಮೆಕ್ಯಾನಿಕ್ಕನ ಮುಂದೆ ಮೂರೂ ಮತಗಳನ್ನು ಸಾಂಗವಾಗಿ ಮಂಡಿಸಲಾಯಿತು. ಅವನು ಗಾಡಿಯಡಿ ಮಲಗಿಕೊಂಡೇ ಎಲ್ಲ ಕೇಳಿದ. ಹೊರಗೆ ಬಂದು ಕೈ ಒರೆಸಿಕೊಂಡ.

“ಬ್ಲೇಡು ವಾಪಸ್ ಹಾಕ್ತೀನಿ. ಖಾಲಿ ಬರೋವಾಗ ಹಿಂದೆ ಎರಡು ಮೂಟೆ ಮರಳು ಕಟ್ಕೊಂಡು ಬನ್ನಿ. ತಿರುವಲ್ಲಿ ಸ್ವಲ್ಪ ನಿಧಾನ.”

ಮರಳಿನ ಮೂಟೆ ಯಾವ ಮತಕ್ಕೆ ಸೇರಿದ್ದೆಂಬುದು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಈ ಪ್ರಬಂಧ ಅಪೂರ್ಣ. ಗಾಡಿ ಚೆನ್ನಾಗಿ ಓಡುತ್ತಿದೆ.