ಹಡಗಿನ ಖಾತೆಯಲ್ಲಿ ಬೆಲ್ಲವಿಲ್ಲ

ಹಡಗು ಹತ್ತಿದ ಮೇಲೆ ರೊಕ್ಕ ನಡೆಯುವುದಿಲ್ಲ. ಕ್ಯಾಸಿನೊ ಒಂದನ್ನು ಬಿಟ್ಟರೆ ನೋಟು ಮುಟ್ಟುವವರೇ ಇಲ್ಲ. ಹತ್ತುವಾಗ ಕೊಡುವ ಪ್ಲಾಸ್ಟಿಕ್ ಕಾರ್ಡೇ ಕೋಣೆಯ ಬೀಗದ ಕೈ, ಅದೇ ಗುರುತಿನ ಚೀಟಿ, ಅದೇ ಪರ್ಸು. ಊಟ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಒಳ್ಳೆಯ ಕಾಫಿ, ಕೋಕು, ಫೋಟೋ, ವೈಫೈ, ಮಸಾಜು, ಇಸ್ತ್ರಿ ಇವಕ್ಕೆಲ್ಲ ಆ ಕಾರ್ಡು ತಾಗಿಸಬೇಕು. ಅವರು ಬರೆದುಕೊಳ್ಳುತ್ತಾರೆ. ಇಳಿಯುವ ದಿನ ಲೆಕ್ಕ. ಹೂಸ್ಟನ್ನಿನಿಂದ ಫೋನಿನಲ್ಲಿ ಇಷ್ಟನ್ನೂ ವಿವರಿಸಿದಾಗ ಕಾನಹೊಸಹಳ್ಳಿಯಲ್ಲಿ ಕೂತಿದ್ದ ಅಪ್ಪ ನಕ್ಕುಬಿಟ್ಟ. "ಅಂದ್ರ ಉದ್ರಿ. ಇದನ್ನ ನೋಡಾಕ ಅಮೆರಿಕಾ ತನಕ ಬರಬೇಕೇನವ್ವ?"

ಅಪ್ಪನಿಗೆ ನಗುವ ಹಕ್ಕಿತ್ತು. ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಗೆ 13ನೇ ನಂಬರಿದ್ದ ಕಾಲದಿಂದ, ಅದು 50 ಆದ ಮೇಲೂ, ಊರಲ್ಲಿ ಕಿರಾಣಿ ಅಂಗಡಿ ನಡೆಸಿದವನು ಅವನು. ಶೇಂಗಾ ಮಾರಿದ ಮೇಲೆ, ಈರುಳ್ಳಿ ಲಾರಿ ಬೆಂಗಳೂರಿಗೆ ಹೋಗಿ ಬಂದ ಮೇಲೆ ಊರಿನ ಬಾಕಿ ತೀರುತ್ತಿತ್ತು. ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ. ಮನೆಗೊಂದು ಪುಟ, ಪುಟದ ಮೇಲೆ ಯಜಮಾನನ ಹೆಸರು, ಸಾಮಾನು ಒಯ್ಯುವವರು ಮನೆಮಂದಿಯೆಲ್ಲ. ಸುಗ್ಗಿಯಲ್ಲಿ ಯಜಮಾನ ಬಂದು ಲೆಕ್ಕ ಓದಿಸುತ್ತಿದ್ದ, ಪಕ್ಕದಲ್ಲಿ ಅವನ ಹೆಂಡತಿ ನಿಂತಿರುತ್ತಿದ್ದಳು. ಕುತ್ತಿಗೆಗೆ ಬರುತ್ತಿದ್ದುದು ಆಗಲೇ. ಹಾಗಾಗಿ ಮಗ ಒಯ್ದ ಬೀಡಿಕಟ್ಟನ್ನು ಅಪ್ಪ 'ಚಿಲ್ಲರೆ ಸಾಮಾನು' ಎಂದು ಬರೆಯುತ್ತಿದ್ದ. ಸೊಸೆ ಒಯ್ದ ಸ್ನೋ, ಪೌಡರು 'ಬೆಲ್ಲ' ಆಗುತ್ತಿದ್ದವು. ರೊಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಿಲ್ಲ, ಹೆಸರಿನಲ್ಲಿ ಮಾತ್ರ ಧಾರಾಳ. ಒಂದು ವರ್ಷ ಒಬ್ಬ ಅತ್ತೆ ಲೆಕ್ಕವನ್ನೆಲ್ಲ ಕೇಳಿಸಿಕೊಂಡು, "ಇಷ್ಟು ಬೆಲ್ಲ ತಿಂದೂ ನನ್ನ ಸೊಸಿ ಮಾತು ಯಾಕಪ್ಪ ಇಷ್ಟು ಕಹಿ?" ಅಂದಳಂತೆ.

ಕೂಡುಕುಟುಂಬಗಳು ಅಷ್ಟು ಕಾಲ ಕೂಡಿ ಬಾಳಿದ್ದಕ್ಕೆ ಓದಿದವರು ಏನೇನೋ ಕಾರಣ ಹೇಳುತ್ತಾರೆ. ಕಿರಾಣಿ ಅಂಗಡಿಯವನನ್ನು ಕೇಳಿದವರನ್ನು ನಾನು ಕಾಣೆ.

ನಾವು ಹೊರಟಿದ್ದು ಹೂಸ್ಟನ್ನಿನಿಂದ ಸುಮಾರು 50 ಮೈಲಿ ದೂರದ ಗ್ಯಾಲ್ವೆಸ್ಟನ್ ಬಂದರಿನಿಂದ, ಮೆಕ್ಸಿಕೋದ ಕೋಜುಮೆಲ್ ಕಡೆಗೆ. ಅಪ್ಪ ಅವ್ವನಿಗೊಂದು ಕೋಣೆ, ನ್ಯೂಜೆರ್ಸಿಯ ಅಣ್ಣ ಅತ್ತಿಗೆ ಮತ್ತು ಅವರ ಇಬ್ಬರು ಮಕ್ಕಳಿಗೊಂದು, ನಮಗೊಂದು. ನಮ್ಮನೆಯವರು ಹಡಗಲಿಯವರು. ವಿಜಯನಗರದ ಅರಸರ ಕಾಲದಲ್ಲಿ ಹಡಗಲಿಯಿಂದ ಹಂಪಿಗೆ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಮಲ್ಲಿಗೆ ಹೋಗುತ್ತಿತ್ತೆಂದು ಆ ಕಡೆ ಕತೆಯಿದೆ. ಅಷ್ಟರ ಬಲದ ಮೇಲೆ ಅವರು ಹೊರಡುವ ಮುಂಚೆ ವಾರವಿಡೀ "ನಮ್ಮದು ಹಡಗಿನ ವಂಶ" ಎಂದು ಓಡಾಡಿ, ಗ್ಯಾಲ್ವೆಸ್ಟನ್ ದಂಡೆ ಕಣ್ಣಿಗೆ ಮರೆಯಾಗುವ ಮುಂಚೆಯೇ ವಾಂತಿ ಮಾಡಿಕೊಂಡರು. ಅದಿರಲಿ.

ಹೊರಡುವುದಕ್ಕೆ ತಿಂಗಳಿರುವಾಗಲೇ ಹಡಗಿನ ಆ್ಯಪ್ ಒಂದು ಸಣ್ಣ ಪ್ರಶ್ನೆ ಕೇಳಿತ್ತು: ಮೂರೂ ಕೋಣೆಯ ಖರ್ಚು ಒಂದೇ ಕಾರ್ಡಿಗೆ ಹಾಕೋಣವೇ, ಬೇರೆ ಬೇರೆಗೆ ಹಾಕೋಣವೇ? ಅಮೆರಿಕದವರಿಗೆ ಅದು ಅರ್ಧ ನಿಮಿಷದ ಕೆಲಸ. ನಮ್ಮಲ್ಲಿ ಅದಕ್ಕೆ ಹಿರಿಯರು ಕೂಡಬೇಕು. ಕೂಡಿದರು, ವಾಟ್ಸಾಪ್ ವೀಡಿಯೊದಲ್ಲಿ. ಬುಕ್ ಮಾಡಿದ್ದು ನಾನು, ಕಾರ್ಡೂ ನನ್ನದೇ ಎಂದ ಅಣ್ಣ. ಹೆಂಡತಿಯ ಅಣ್ಣನ ಕಾರ್ಡಿನಲ್ಲಿ ತಾನು ವಾರಗಟ್ಟಲೆ ಕಾಫಿ ಕುಡಿಯುವುದು ಹೇಗೆಂದು ನಮ್ಮನೆಯವರು ಬಾಯಿ ಬಿಟ್ಟು ಹೇಳಲಿಲ್ಲ, ಕ್ಯಾಮೆರಾದಿಂದ ಸ್ವಲ್ಪ ಆಚೆ ಸರಿದು ಕೂತರು. "ಹಂಗಾದ್ರ ಮೂರೂ ಕೋಣಿದೂ ನಾವೇ ಕೊಡ್ತೀವಿ" ಎಂದು ನಾನು ಬಾಯಿ ತೆರೆದದ್ದೇ ತಡ, ಅವ್ವ ಕಿವಿಯ ಮೇಲೆ ಕೈಯಿಟ್ಟಳು. "ಮಗಳ ಮನಿ ರೊಕ್ಕ ನಾವು ಉಣ್ಣಂಗಿಲ್ಲ. ಅಳಿಯಂದ್ರಿಗೆ ಯಾವ ಮುಖ ತೋರಿಸಾದು?" ಅಳಿಯಂದಿರು ಇನ್ನಷ್ಟು ಆಚೆ ಸರಿದರು. ಕಡೆಗೆ ಅಪ್ಪ ತನ್ನ ಬ್ಯಾಂಕಿನ ಡೆಬಿಟ್ ಕಾರ್ಡನ್ನೇ ಕೊಡುತ್ತೇನೆಂದು ಎದ್ದು ನಿಂತ. ಅದನ್ನು ತಡೆಯಲೇಬೇಕಿತ್ತು. ಹಡಗಿನವರು ಖರ್ಚಿನ ಅಂದಾಜಿಗೆ ತಕ್ಕಂತೆ ಖಾತೆಯಲ್ಲಿ ದುಡ್ಡು ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡಾದರೆ ಅದು ಗೊತ್ತೂ ಆಗುವುದಿಲ್ಲ, ಡೆಬಿಟ್ ಕಾರ್ಡಾದರೆ ನಿಮ್ಮದೇ ರೊಕ್ಕ ಮನೆಗೆ ಬಂದ ಮೇಲೂ ಎಷ್ಟೋ ದಿನ ಕೈಗೆ ಸಿಕ್ಕುವುದಿಲ್ಲ. ಅಪ್ಪನ ಉಳಿತಾಯ ಕೆರಿಬಿಯನ್ ಸಮುದ್ರದಲ್ಲಿ ತೇಲುವುದು ಬೇಡವೆಂದು ಅಣ್ಣನ ಕಾರ್ಡೇ ಗಟ್ಟಿಯಾಯಿತು. ಬೀಗತನದ ಮರ್ಯಾದೆ ಉಳಿಯಿತು, ನಮ್ಮನೆಯವರ ಮರ್ಯಾದೆಯ ವಿಚಾರ ಮುಂದಕ್ಕೆ ಹೋಯಿತು.

ಇನ್ನು ಕ್ರೆಡಿಟ್ಟಿನ ಸಂಗತಿ. ಟಿಕೆಟ್ ಮಾಡಿಸಿದ ಏಜೆಂಟ್ ಅಣ್ಣನ ಕೋಣೆಗೆ 250 ಡಾಲರಿನ ಆನ್‌ಬೋರ್ಡ್ ಕ್ರೆಡಿಟ್ ಕೊಟ್ಟಿದ್ದ. ಇದು ಹಡಗಿನೊಳಗೇ ಖರ್ಚಾಗಬೇಕಾದ ದುಡ್ಡು. ಇದರಲ್ಲಿ ಎರಡು ಬಗೆ: ಒಂದು, ಉಳಿದರೆ ವಾಪಸು ಬರುವಂಥದ್ದು, ಇನ್ನೊಂದು, ಕಡೆಯ ರಾತ್ರಿ ಕಳೆದರೆ ಸತ್ತುಹೋಗುವಂಥದ್ದು. ಏಜೆಂಟರು ಕೊಡುವುದು ಬಹುಪಾಲು ಎರಡನೆಯ ಬಗೆ. ಪುಕ್ಕಟೆ ಬಂದದ್ದು ಪುಕ್ಕಟೆ ಹೋಗಬಾರದೆಂದು ದಿನವೂ ರಾತ್ರಿ ಊಟದ ಟೇಬಲ್ಲಿನಲ್ಲಿ ಚರ್ಚೆ. ಅತ್ತಿಗೆಗೆ ಬೆನ್ನಿಗೆ ಮಸಾಜು ಬೇಕು. ಮಕ್ಕಳಿಗೆ ಆರ್ಕೇಡಿನಲ್ಲಿ ಗೊಂಬೆ ಎತ್ತುವ ಯಂತ್ರ. ಅವರ ಕಾರ್ಡನ್ನು ಅಣ್ಣ ಮೊದಲ ದಿನವೇ ಕೌಂಟರಿನಲ್ಲಿ ಬಂದ್ ಮಾಡಿಸಿದ್ದ, ಅದು ನಮ್ಮ ಮನೆತನದಲ್ಲಿ ಇತ್ತೀಚೆಗೆ ಆದ ಒಂದು ಜಾಣ ಕೆಲಸ. ಅವ್ವನಿಗೆ ಫೋಟೋ. ಏಣಿ ಇಳಿಯುವಾಗ, ಊಟಕ್ಕೆ ಕೂತಾಗ ಕ್ಯಾಮೆರಾದವರು ಬಂದು ನಿಲ್ಲಿಸಿ ತೆಗೆಯುತ್ತಾರೆ. ತೆಗೆಸಿಕೊಳ್ಳಲು ಕಾಸಿಲ್ಲ, ಕೈಗೆ ಬೇಕೆಂದರೆ ಕಾಸು. ಅವ್ವ ಒಬ್ಬರನ್ನೂ ಬೇಡವೆನ್ನದೆ, ಪ್ರತಿ ಸಲವೂ ಸೆರಗು ಹೊದ್ದು ಮದುವೆ ಹೆಣ್ಣಿನ ಗಾಂಭೀರ್ಯದಲ್ಲಿ ನಿಂತಿದ್ದಳು. ಅಪ್ಪನದು ಒಂದೇ ಮಾತು: "ಇರ್ಲಿ, ಕಡೀಕ ನೋಡಾಣ."

ಕಡೆಗೆ ನೋಡಲು ಏನೂ ಉಳಿದಿರಲಿಲ್ಲ. ಅಮೆರಿಕದ ಹಡಗುಗಳಲ್ಲಿ ಟಿಪ್ಸು ತಾನಾಗಿಯೇ ಖಾತೆಗೆ ಬೀಳುತ್ತದೆ, ಸಾಧಾರಣ ಕೋಣೆಗೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರು. ಮಕ್ಕಳ ತಲೆಯೂ ತಲೆಯೇ. 18 ಅಂತಲೇ ಹಿಡಿದರೂ ಅಣ್ಣನ ಕೋಣೆಯ ನಾಲ್ಕು ತಲೆಗೆ ದಿನಕ್ಕೆ 72. ಮೊದಲೇ ಕಟ್ಟದಿದ್ದರೆ ಅದನ್ನು ಕ್ರೆಡಿಟ್ಟಿನಿಂದಲೇ ಮುರಿದುಕೊಳ್ಳುತ್ತಾರೆ. ನಾವು ಮಸಾಜೋ ಫೋಟೋವೋ ಎಂದು ವಾದಿಸುತ್ತಿದ್ದ ಆ ರಾತ್ರಿಗಳಲ್ಲೇ ಟಿಪ್ಸು ಸದ್ದಿಲ್ಲದೆ ಮೇಯುತ್ತ ಮೇಯುತ್ತ ನಾಲ್ಕನೆಯ ದಿನಕ್ಕೆ 250ನ್ನೂ ಮುಗಿಸಿತ್ತು. ಹಾಗೆಂದು ನಷ್ಟವೇನಲ್ಲ, ಹೇಗೂ ಕೊಡಬೇಕಾದ ದುಡ್ಡು. ಆದರೆ ಜಗಳಕ್ಕೆ ಆಸ್ತಿಯೇ ಇಲ್ಲದಂತಾಯಿತು.

ಕ್ರೆಡಿಟ್ಟಿಗೆ ನಮಗಿಂತ ದೊಡ್ಡ ಭಕ್ತರಿದ್ದಾರೆ. ಹಡಗಿನ ಕಂಪನಿ ಕಾರ್ನಿವಲ್ ಕಾರ್ಪೊರೇಷನ್ ತನ್ನ 100 ಷೇರು ಇಟ್ಟುಕೊಂಡವರಿಗೆ ಆರು ದಿನದವರೆಗಿನ ಯಾನಕ್ಕೆ 50, ಏಳರಿಂದ ಹದಿಮೂರು ದಿನಕ್ಕೆ 100, ಅದಕ್ಕೂ ಮೇಲ್ಪಟ್ಟರೆ 250 ಡಾಲರ್ ಕ್ರೆಡಿಟ್ ಕೊಡುತ್ತ ಬಂದಿದೆ. ಅದನ್ನು ಟಿಪ್ಸಿಗೂ ಜೂಜಿಗೂ ಬಳಸುವಂತಿಲ್ಲ. ಹೂಸ್ಟನ್ನಿನ ನಮ್ಮ ಸ್ನೇಹಿತರೊಬ್ಬರು ಆ ನೂರು ಡಾಲರಿಗಾಗಿ ನೂರು ಷೇರು ಕೊಂಡು, ಷೇರು ಏರಿತೋ ಇಳಿಯಿತೋ ನೋಡಲು ಹಡಗಿನಲ್ಲಿ ವಾರಪೂರ್ತಿ ವೈಫೈ ಹಾಕಿಸಿಕೊಂಡರು. ವೈಫೈಗೆ ನೂರಕ್ಕಿಂತ ಹೆಚ್ಚೇ ಹೋಯಿತು.

ಕ್ರೆಡಿಟ್ಟು ಎಲ್ಲಿ ಹೋಯಿತೆಂದು ತಿಳಿಯಲು ಅಣ್ಣ ಕೌಂಟರಿಗೆ ಹೋಗಿ ಮೂರೂ ಕೋಣೆಯ ಲೆಕ್ಕದ ಪ್ರಿಂಟು ತೆಗೆಸಿಕೊಂಡು ಬಂದದ್ದೇ ಮುಂದಿನದಕ್ಕೆಲ್ಲ ಮೂಲ. ನಮ್ಮನೆಯವರು, ಅವ್ವನ ಪ್ರಕಾರ, ಚಹಾ ಕೂಡ ಕುಡಿಯದ ಅಳಿಯ; ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಇದು ಪ್ರಚಾರವಾಗಿದೆ. ಅವರು ಅಪರೂಪಕ್ಕೆ ಒಂದು ಬೀರು ಕುಡಿಯುತ್ತಾರೆ. ಹಡಗಿನಲ್ಲಿ ಅಪರೂಪ ಸ್ವಲ್ಪ ಹೆಚ್ಚಾಗಿತ್ತು. ಡ್ರಿಂಕ್ ಪ್ಯಾಕೇಜು ಕೊಂಡಿದ್ದರೆ ಲೆಕ್ಕದಲ್ಲಿ ಒಂದೇ ಸಾಲಾಗುತ್ತಿತ್ತು, ಆದರೆ ಕೋಣೆಯಲ್ಲಿ ಒಬ್ಬರು ಕೊಂಡರೆ ಉಳಿದ ದೊಡ್ಡವರೂ ಕೊಳ್ಳಲೇಬೇಕೆಂಬುದು ಅನೇಕ ಕಂಪನಿಗಳ ನಿಯಮ. ಮಜ್ಜಿಗೆಯವಳಾದ ನನಗೆ ಅದು ಯಾಕೆ? ಹೀಗಾಗಿ ಒಂದೊಂದು ಲೋಟಕ್ಕೂ ಒಂದೊಂದು ಸಾಲು. ದಿನಾಂಕ, ಗಂಟೆ, ನಿಮಿಷ, ಎಷ್ಟನೇ ಡೆಕ್ಕು, ಯಾವ ಬಾರು, ಯಾವ ಬೀರು, ಮೇಲೆ ನೂರಕ್ಕೆ 18 ಸರ್ವಿಸ್ ಚಾರ್ಜು. ವಾಂತಿಯಾಯಿತೆಂದು ಗಾಳಿಗೆ ಹೋದವರು ಎಲ್ಲೆಲ್ಲಿ ಗಾಳಿ ಕುಡಿದರೆಂಬುದು ಅಲ್ಲಿ ಸ್ಪಷ್ಟವಾಗಿತ್ತು.

ಅತ್ತಿಗೆ ಓದಲು ಕೈಚಾಚುವಷ್ಟರಲ್ಲಿ ಅಪ್ಪ ಹಾಳೆಗಳನ್ನು ಎತ್ತಿಕೊಂಡ. ಅಂಗಡಿಯ ಬೆರಳು ಸಾಲಿನ ಮೇಲೆ ಹರಿಯಿತು, ಒಂದು ಕಡೆ ನಿಂತಿತು. ಅಳಿಯನ ಕಡೆ ನೋಡಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿ, "ಚಾಳೀಸು ಕೋಣ್ಯಾಗ ಐತೆ, ಆಮ್ಯಾಲೆ ನೋಡಾಣ" ಅಂದ. ಚಾಳೀಸು ಮೂಗಿನ ಮೇಲೇ ಇತ್ತು.

ಊಟವಾದ ಮೇಲೆ ನನ್ನನ್ನು ಕರೆದುಕೊಂಡು ಕೌಂಟರಿಗೆ ನಡೆದ. ದುಭಾಷಿಯ ಕೆಲಸ ನನಗೆ ಸಿಕ್ಕಲಿಲ್ಲ. ಅಲ್ಲಿದ್ದ ಹುಡುಗ ಮಂಗಳೂರಿನ ಕಡೆಯವನು.

"ತಮ್ಮಾ, ಈ ಸಾಲು ಐತಲ್ಲ, ಇಲ್ಲಿ ಬೀರು ಅಂತ ಬರದೀರಿ. ರೊಕ್ಕ ಅಷ್ಟೇ ಇರ್ಲಿ. ಹೆಸರು ಹಣ್ಣಿನ ರಸ ಅಂತ ಮಾಡು."

"ಅದು ಸಿಸ್ಟಮಿನಲ್ಲಿ ಬಂದದ್ದಜ್ಜ, ನನಗೆ ಬದಲು ಮಾಡ್ಲಿಕ್ಕೆ ಆಗುವುದಿಲ್ಲ."

"ಬೆಲ್ಲ ಅಂತನಾರ ಬರಿ."

"ಬೆಲ್ಲ ನಮ್ಮ ಹಡಗಿನಲ್ಲಿ ಇಲ್ಲಜ್ಜ."

"ಸಾವಿರಾರು ಮಂದಿ ಸಂಸಾರ ಹೊತ್ಕಂಡು ಹೊಂಟೀರಿ, ಬೆಲ್ಲ ಇಲ್ಲ ಅಂದ್ರ ಹೆಂಗಪ್ಪ?"

ಹುಡುಗ ಪಾಪದವನು. ಒಂದು ದಾರಿ ತೋರಿಸಿದ: ನಮ್ಮ ಕೋಣೆಯನ್ನು ಅಣ್ಣನ ಕಾರ್ಡಿನಿಂದ ಬಿಡಿಸಿ, ಮೊದಲಿನದನ್ನೂ ಸೇರಿಸಿ ನಮ್ಮದೇ ಕಾರ್ಡಿಗೆ ಹೊರಳಿಸಿದರೆ ಆ ಲೆಕ್ಕ ಬೇರೆಯವರ ಹಾಳೆಯಲ್ಲಿ ಬರುವುದೇ ಇಲ್ಲ. ಅಂದರೆ ನಮ್ಮನೆಯವರು ತಿಂಗಳ ಹಿಂದೆ ಕ್ಯಾಮೆರಾದ ಆಚೆ ಸರಿದು ಕೂತು ಬಯಸಿದ್ದು. ಅಪ್ಪನೇ ನಿಂತು ಮಾಡಿಸಿದ. ಹಳೆಯ ಹಾಳೆಯನ್ನು ಹುಡುಗನ ಕೈಯಿಂದಲೇ ಹರಿಸಿದ.

ಅವ್ವನಿಗೆ ಮರುದಿನ ಬೆಳಿಗ್ಗೆ ಗೊತ್ತಾಯಿತು. ಬೀರಿನದಲ್ಲ, ಖಾತೆ ಬೇರೆಯಾದದ್ದು. ಒಬ್ಬನೇ ಮಗ, ಒಬ್ಬಳೇ ಮಗಳು, ನಡುಸಮುದ್ರದಲ್ಲಿ ಲೆಕ್ಕ ಬೇರೆ ಮಾಡಿಕೊಂಡರು. ಯಾರು ಯಾರಿಗೆ ಏನಂದರು? ಅಣ್ಣ ಅತ್ತಿಗೆಯ ಮುಖ ನೋಡಿದ, ಅತ್ತಿಗೆ ನನ್ನ ಮುಖ ನೋಡಿದಳು, ನಾನು ಅಪ್ಪನ ಮುಖ ನೋಡಿದೆ. ಅಪ್ಪ ಇಡ್ಲಿಯಿಲ್ಲದ ತಿಂಡಿಯ ಬಗ್ಗೆ ಮಾತೆತ್ತಿದ. ಕಾರಣ ಗೊತ್ತಿದ್ದವರು ಹೇಳುವಂತಿಲ್ಲ, ಗೊತ್ತಿಲ್ಲದವರು ಒಬ್ಬರ ಮೇಲೊಬ್ಬರು ಸಂಶಯಪಟ್ಟು ಇನ್ನಷ್ಟು ವಿನಯದಿಂದ ನಡೆದುಕೊಂಡರು. ಕಡೆಯ ರಾತ್ರಿ ಜನವೆಲ್ಲ ಉಳಿದ ಕ್ರೆಡಿಟ್ಟಿಗೆ ಕೀಚೈನು, ಟೀ ಶರ್ಟು ಬಾಚಿಕೊಳ್ಳುತ್ತಿದ್ದರೆ ನಮ್ಮವರು ಅಂಗಡಿಯ ಬಾಗಿಲಲ್ಲಿ "ನೀವು ತಗೊಳ್ರಿ" "ಬ್ಯಾಡ, ನೀವು ತಗೊಳ್ರಿ" ಎನ್ನುತ್ತ ನಿಂತು ಏನನ್ನೂ ಕೊಳ್ಳದೆ ಬಂದರು.

ನ್ಯೂಜೆರ್ಸಿಗೆ ಮರಳಿದ ಮೇಲೆ ಅಣ್ಣ ತಂಗಿಯ ಮೇಲಿನ ಅಭಿಮಾನಕ್ಕೆ ನಮ್ಮ ಕೋಣೆಯ ಖರ್ಚೆಂದು ಬ್ಯಾಂಕಿನ ಝೆಲ್ ಮೂಲಕ 312 ಡಾಲರ್ ಕಳಿಸಿದ. ನಮ್ಮನೆಯವರು ಅಂದೇ ವಾಪಸು ಕಳಿಸಿದರು. ಅವನು ಹಬ್ಬಕ್ಕೆಂದು ಮತ್ತೆ ಕಳಿಸಿದ. ಇವರು ಮಕ್ಕಳ ಬಟ್ಟೆಗೆಂದು ಮತ್ತೆ ಅಟ್ಟಿದರು. ಅವ್ವ ಕಾನಹೊಸಹಳ್ಳಿಗೆ ಹೋಗಿ ಯಾರಿಗೆ ಏನು ಹೇಳಿದಳೋ, ಒಂದು ಬೆಳಗಿನ ಜಾವ ಕೊಟ್ಟೂರಿನ ಸೋದರಮಾವನ ಫೋನು.

"ಏನವ್ವ, ಹಡಗಿನ ಮ್ಯಾಲೆ ಪಾಲಾದ್ರಂತಲ್ಲ? ಎಷ್ಟೈತೆ ಆಸ್ತಿ?"

"ಮುನ್ನೂರ ಹನ್ನೆರಡು ಡಾಲರು, ಮಾವ."

ಆ ಕಡೆ ಸ್ವಲ್ಪ ಹೊತ್ತು ಲೆಕ್ಕ ನಡೆಯಿತು.

"ಅಷ್ಟಕ್ಕ ಸಮುದ್ರಕ್ಕ ಯಾಕ ಹೋದ್ರಿ? ಕೊಟ್ಟೂರು ತೇರಿಗೆ ಬಂದಿದ್ರ ನಾನೇ ಕುಂದ್ರಿಸಿ ಮಾಡಿಸಿಕೊಡ್ತಿದ್ದೆ."