ಹವೆ ಕೆಟ್ಟರೆ ಹಬ್ಬ

ಮೇ ಕೊನೆಯ ವಾರ. ಸ್ಕಾಟ್ಲೆಂಡಿನ ಫೇರ್ ಐಲ್ ದ್ವೀಪದಲ್ಲಿ ಚಿನ್ನದಂಥ ಬಿಸಿಲು. ಕಡಲು ಶಾಂತ. ಊರವರೆಲ್ಲ ಹೊರಗೆ ಬಂದು ನಗುತ್ತಿದ್ದರೆ ಒಬ್ಬರ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿದೆ. ಕೊರಳಲ್ಲಿ ಬೈನಾಕ್ಯುಲರ್, ಹೆಗಲ ಮೇಲೆ ಟ್ರೈಪಾಡ್, ಜೇಬಿನಲ್ಲಿ ಕಂಡ ಹಕ್ಕಿಗಳ ಪಟ್ಟಿ. "ಏನು ದರಿದ್ರ ಹವೆ ರೀ ಇದು!" ಎಂದು ಗೊಣಗುತ್ತಾರೆ.

ಅವರ ಸಂಕಟಕ್ಕೂ ಕಾರಣವಿದೆ. ಹವೆ ಚೆನ್ನಾಗಿದ್ದರೆ ಸ್ಕ್ಯಾಂಡಿನೇವಿಯಾಕ್ಕೆ ಹೊರಟ ಹಕ್ಕಿಗಳು ನೆಟ್ಟಗೆ ತಮ್ಮ ಊರು ಸೇರಿಬಿಡುತ್ತವೆ. ಆಗ್ನೇಯದ ಗಾಳಿ ಬೀಸಬೇಕು, ಜೊತೆಗೆ ಮಳೆ ಹೊಯ್ಯಬೇಕು. ಆಗ ಅವು ದಾರಿತಪ್ಪಿ, ಸುಸ್ತಾಗಿ, ಆರ್ಕ್‌ನಿಗೂ ಶೆಟ್‌ಲ್ಯಾಂಡಿಗೂ ನಡುವಿನ ಈ ತುಂಡು ನೆಲದ ಮೇಲೆ ಬಂದು ಬೀಳುತ್ತವೆ. ಪರರ ಕಷ್ಟವೇ ನಮ್ಮ ಮಹಾಶಯರ ಸುಗ್ಗಿ. ಅದಕ್ಕೆಂದೇ ಚಿಕ್ಕ ದೋಣಿಯಲ್ಲಿ ಎರಡೂವರೆ ತಾಸು ಹೊಟ್ಟೆ ತೊಳಸಿಕೊಂಡು ಬಂದಿದ್ದಾರೆ.

ಬಂಡೆಯಂಚಿನಲ್ಲಿ ಪಫಿನ್‌ಗಳು ಕೆಂಪು ಕೊಕ್ಕು ತೋರಿಸಿಕೊಂಡು ಕೈಗೆಟಕುವಷ್ಟು ಹತ್ತಿರ ಕೂತಿವೆ. ಇವರು ತಿರುಗಿಯೂ ನೋಡರು. "ಅದೆಲ್ಲ ಟೂರಿಸ್ಟುಗಳಿಗೆ." ತಾವು ಮಾತ್ರ ಚರಂಡಿಯ ಪಕ್ಕ ಬೋರಲು ಮಲಗಿ, ಮಣ್ಣುಬಣ್ಣದ ಪುಟ್ಟ ಹಕ್ಕಿಯೊಂದರ ಹುಬ್ಬಿನ ಗೆರೆ ಕಣ್ಣು ದಾಟಿ ಎಲ್ಲಿಯವರೆಗೆ ಹೋಗಿದೆಯೆಂದು ಅಳೆಯುತ್ತಾರೆ. ಮಾರ್ಷ್ ವಾರ್ಬ್ಲರೋ, ಬ್ಲೈತ್ಸ್ ರೀಡ್ ವಾರ್ಬ್ಲರೋ? ಹಕ್ಕಿ ಬೇಲಿಯೊಳಗೆ ನುಸುಳುತ್ತದೆ. ಪ್ಯಾಂಟು ಒದ್ದೆಯಾಗುತ್ತದೆ. ತೀರ್ಮಾನ ಆಗುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದಾಗ ಇಲ್ಲೊಂದು ಪಕ್ಷಿ ವೀಕ್ಷಣಾಲಯದ ಕನಸು ಕಂಡು 1948ರಲ್ಲಿ ಕಟ್ಟಿಯೇಬಿಟ್ಟವರು ಜಾರ್ಜ್ ವಾಟರ್‌ಸ್ಟನ್. ಅಲ್ಲಿ ಸಂಜೆ ಊಟವಾದ ಮೇಲೆ ಹಾಜರಿ ಕೂಗುತ್ತಾರೆ, ಹಕ್ಕಿಗಳದು. ಒಂದೊಂದೇ ಹೆಸರು ಓದಿದಂತೆ ಕಂಡವರು ಎಷ್ಟೆಂದು ಹೇಳಬೇಕು. ಬ್ಲೈತ್ಸ್ ಎಂದು ಬಂದಾಗ ನಮ್ಮವರು ಕೆಮ್ಮಿ, "ಒಂದು... ಬಹುಶಃ" ಎನ್ನುತ್ತಾರೆ. ಯಾರೂ ನಗುವುದಿಲ್ಲ, ಅದೇ ಹೆಚ್ಚು ನೋಯುತ್ತದೆ. ತೀರಾ ಅಪರೂಪದ್ದಾದರೆ 1959ರಿಂದ ಕೂತಿರುವ ಅಪರೂಪ-ಹಕ್ಕಿ ಸಮಿತಿಗೆ ವಿವರ ಬರೆದು ಕಳಿಸಬೇಕು. ಅಲ್ಲಿಂದ "ಸಾಬೀತಾಗಿಲ್ಲ" ಎಂಬ ಉತ್ತರ ಬಂದರೆ ಒಂದು ವರ್ಷದ ಮಾತಿಗೆ ಸರಕು ಸಿಕ್ಕಿತು.

ಹೊಸಬರು ಬಂದರೆ ಮಾತ್ರ ಇವರಿಗೆ ಜೀವ ಬರುತ್ತದೆ. "ಅಯ್ಯೋ, ನಿನ್ನೆ ಬರಬೇಕಿತ್ತು ನೀವು!" ನಿನ್ನೆ ಬಂದವರಿಗೆ ಮೊನ್ನೆಯ ಕಥೆ.

ಜೂನ್ ಹೊತ್ತಿಗೆ ಕೆಲವು ವರ್ಷ ಇತ್ತ ಗುಲಾಬಿ ಕಬ್ಬಕ್ಕಿಯೊಂದು ಹಾದಿ ಮರೆತು ಬರುವುದುಂಟು. ಆಗ ಕುರಿಬೇಲಿಯಾಚೆ ಟೆಲಿಸ್ಕೋಪುಗಳ ಸಾಲು, ಪಿಸುಮಾತು, ಭಕ್ತಿ. ಚಳಿಗಾಲದಲ್ಲಿ ನಮ್ಮ ವಿಜಯಪುರದ ಜೋಳದ ಹೊಲಕ್ಕೆ ಇದೇ ಹಕ್ಕಿ ಮೋಡದಂತೆ ಇಳಿಯುತ್ತದೆ. ರೈತ ಅಟ್ಟಣಿಗೆಯೇರಿ ಕವಣೆ ಬೀಸುತ್ತಾನೆ. ಕನ್ನಡಿಗರು ಯಾರಾದರೂ ಇದನ್ನು ಹೇಳಿದರೆ ಮಹಾಶಯರು ಕರುಣೆಯಿಂದ ನೋಡುತ್ತಾರೆ. ಭಾರತದಲ್ಲಿ ಹತ್ತು ಸಾವಿರ ನೋಡಿದರೂ ಲೆಕ್ಕಕ್ಕಿಲ್ಲವಂತೆ. ಬ್ರಿಟನ್ ಪಟ್ಟಿಗೆ ಬ್ರಿಟನ್ನಿನಲ್ಲೇ ಕಂಡ ಒಂದು ಬೇಕು.

ಹೊರಡುವ ದಿನ ದಟ್ಟ ಮಂಜು. ಎಂಟು ಸೀಟಿನ ವಿಮಾನ ರದ್ದು. ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿದ್ದರೆ ಇವರು ದನಿಗೆ ದುಃಖ ತುಂಬಿಕೊಂಡು ಮನೆಗೆ ಫೋನ್ ಮಾಡುತ್ತಾರೆ: "ಏನು ಮಾಡಲಿ ಹೇಳು, ನನ್ನ ಕೈಯಲ್ಲೇನಿದೆ?"

ಆ ಕಡೆಯಿಂದ ಹೆಂಡತಿ ಕೇಳಿದ್ದು ಇಷ್ಟೇ: "ಯಾವ ಹಕ್ಕಿ?"