ಹಸಿಯಪ್ಪನ ಸಂಜೆಯ ಹಿಟ್ಟು

ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಬರುವವರು ಹಾಸನೂರು ಸೇರುವ ಹೊತ್ತಿಗೆ ಏನನ್ನಾದರೂ ಬಿಟ್ಟೇ ಇರುತ್ತಾರೆ. ಹೆಚ್ಚಿನವರು ಬಿಡುವುದು ಬೆಳಗಿನ ತಿಂಡಿಯನ್ನು, ಬಸ್ಸಿನ ಕಿಟಕಿಯಿಂದ. ಹಸಿಯಪ್ಪ ಬಿಡುವುದು ಒಲೆಯನ್ನು. ಹಸಿಯಪ್ಪ ಎಂಬುದು ಒಬ್ಬ ಮನುಷ್ಯನ ಹೆಸರಲ್ಲ, ಒಂದು ತಳಿಯ ಹೆಸರು, ಹಸಿಯಮ್ಮನೂ ಉಂಟು. ಬೆಂಗಳೂರಿನಲ್ಲೋ ಕೊಯಮತ್ತೂರಿನಲ್ಲೋ ಹತ್ತಾರು ವರ್ಷ ಕಂಪ್ಯೂಟರಿನ ಮುಂದೆ ಕುಳಿತು, ಬೆನ್ನು ಸವೆಸಿ, ದುಡ್ಡು ಕೂಡಿಸಿ, ಕೊನೆಗೊಂದು ದಿನ ತಮಿಳುನಾಡಿಗೆ ಸೇರಿದ ತಾಳವಾಡಿ ಫಿರ್ಕಾದಲ್ಲಿ ಎರಡೆಕರೆ ಹೊಲ ಹಿಡಿದು ಬಂದು ನೆಲೆಸುವವನು. ಹಾಲು, ಮೊಸರು, ತುಪ್ಪ, ಜೇನು ಇವನಿಗೆ ವರ್ಜ್ಯ. ಹಸುವಿನ ಹಾಲು ಹಿಂಸೆ, ಆದರೆ ಸಗಣಿ ಬೇಕೇ ಬೇಕು, ಸಾವಯವ ಗೊಬ್ಬರಕ್ಕೆ. ದೀಪಾವಳಿಯ ಮಾರನೆಯ ದಿನ ಗುಮಟಾಪುರದ ಗೊರೆಹಬ್ಬದಲ್ಲಿ ಜನ ಸಗಣಿ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುವಾಗ, ಇಷ್ಟೊಂದು ಗೊಬ್ಬರ ಪೋಲಾಯಿತಲ್ಲ ಎಂದು ಮರುಗುವ ಏಕೈಕ ಪ್ರೇಕ್ಷಕ ಇವನೇ. ಬರಿಗಾಲು, ಹೆಗಲಿಗೊಂದು ಬಟ್ಟೆಚೀಲ, ಚೀಲದೊಳಗೆ ಸ್ವಂತ ಚಾಕು, ಸ್ವಂತ ತಾಮ್ರದ ತಂಬಿಗೆ, ಸ್ವಂತ ಸೌತೆಕಾಯಿ. ಯಾರಾದರೂ ಕೇಳಲಿ ಬಿಡಲಿ, ಮಾತಿನ ಎರಡನೆಯ ವಾಕ್ಯದಲ್ಲಿ ತನ್ನ ಊಟದ ಲೆಕ್ಕ ಒಪ್ಪಿಸುತ್ತಾನೆ: “ನಾನು ಶೇಕಡಾ 90 ಹಸಿ. ಸಂಜೆ ಮಾತ್ರ ಸ್ವಲ್ಪ ಸರಳವಾದ ಬೇಯಿಸಿದ ಪಿಷ್ಟ.”

ನನ್ನ ತಕರಾರು ಇರುವುದು ಹಸಿ ತಿನ್ನುವುದರ ಬಗ್ಗೆ ಅಲ್ಲ. ಹೊಟ್ಟೆ ಅವನದು, ಸೌತೆಕಾಯಿಯೂ ಅವನದು. ತಕರಾರು ಆ 90ರ ಬಗ್ಗೆ. ಹಸಿಯಪ್ಪ ಬದುಕಿರುವುದು ತಾನು ಮೆರೆಸುವ ಹಸಿಯಿಂದಲ್ಲ, ತಾನು ‘ಸ್ವಲ್ಪ’ ಎಂದು ಪಕ್ಕಕ್ಕೆ ತಳ್ಳುವ ಬೆಂದದ್ದರಿಂದ. ಲೆಕ್ಕ ಹಾಕಿ ನೋಡಬಹುದು. ಅವನು ಬೆಳಗಿನಿಂದ ನಾಲ್ಕು ಗಂಟೆಯವರೆಗೆ ಸೌತೆಕಾಯಿ, ಟೊಮೆಟೊ, ಎಲೆಕೋಸು, ಕ್ಯಾರೆಟ್ ಸೇರಿಸಿ ಒಂದೂವರೆ ಕಿಲೋ ಮೆಲ್ಲುತ್ತಾನೆನ್ನಿ. 100 ಗ್ರಾಂ ಸೌತೆಕಾಯಿಯಲ್ಲಿ ಇರುವುದು ಸುಮಾರು 15 ಕ್ಯಾಲೊರಿ, ಟೊಮೆಟೊದಲ್ಲಿ 20, ಕೋಸಿನಲ್ಲಿ 25ರ ಒಳಗೆ, ಕ್ಯಾರೆಟ್ಟಿನಲ್ಲಿ 40ರ ಹತ್ತಿರ. ಎಲ್ಲ ಕೂಡಿದರೂ 400 ದಾಟುವುದು ಕಷ್ಟ. ಸಂಜೆ 200 ಗ್ರಾಂ ರಾಗಿಹಿಟ್ಟಿನ ಎರಡು ಮುದ್ದೆ ನುಂಗಿದರೆ ಅದರಲ್ಲೇ 640. ನೀರು ಹೀರಿದ ಮುದ್ದೆಯ ತೂಕ ಹಿಡಿದು ನೋಡಿದರೆ ಸುಮಾರು ಶೇಕಡಾ 70 ಹಸಿ. ಕಸುವಿನಲ್ಲಿ ನೋಡಿದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಹಾಗಾದರೆ 90 ಎಲ್ಲಿಂದ ಬಂತು? ಎಷ್ಟು ಸಲ ಬಾಯಾಡಿಸಿದೆ ಎಂದು ಎಣಿಸುತ್ತಾನೆ. ಒಂಬತ್ತು ಸಲ ಹಸಿ, ಒಂದು ಸಲ ಬೆಂದದ್ದು. ಈ ಲೆಕ್ಕದ ಪ್ರಕಾರ ದಿನಕ್ಕೆ ಒಂಬತ್ತು ಸಲ ನೀರು ಕುಡಿದು ಒಂದೇ ಸಲ ಕುರಿ ತಿಂದವನು ಶೇಕಡಾ 90 ಸಸ್ಯಾಹಾರಿ. ಗಾದೆಯ ಬಡವನಿಗೆ ಹೊಟ್ಟೆಗೆ ಹಿಟ್ಟಿರಲಿಲ್ಲ, ಜುಟ್ಟಿಗೆ ಮಲ್ಲಿಗೆ ಇತ್ತು. ಹಸಿಯಪ್ಪನಿಗೆ ಎರಡೂ ಉಂಟು. ಹಿಟ್ಟನ್ನು ಬಚ್ಚಿಡುತ್ತಾನೆ, ಸೌತೆಕಾಯಿಯನ್ನು ಜುಟ್ಟಿಗೆ ಮುಡಿಯುತ್ತಾನೆ.

ಇದರ ಕಷ್ಟ ಗೊತ್ತಾಗಬೇಕಾದರೆ ಅವನು ಯಾರದಾದರೂ ಮನೆಗೆ ಸಂಜೆ ಬಂದಾಗ ನೋಡಬೇಕು. ತಾಳವಾಡಿ ಸೀಮೆಯ ಮನೆಗಳಲ್ಲಿ ಕತ್ತಲಾಗುವ ಹೊತ್ತಿಗೆ ಎಸರು ಇಡುತ್ತಾರೆ. ನೀರು ಮರಳಿದ ಮೇಲೆ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಉರಿ ತಗ್ಗಿಸಿ ಬೇಯಲು ಬಿಡುತ್ತಾರೆ. ಹಿಟ್ಟು ಗುಳುಗುಳು ಎನ್ನುತ್ತ ಬಿರಿದಾಗ ಪಾತ್ರೆ ಇಳಿಸಿ, ಅದನ್ನು ಕವೆಗೋಲಿಂದ ಅದುಮಿ ಹಿಡಿದು, ಒಂದು ಗಂಟೂ ಉಳಿಯದ ಹಾಗೆ ತೊಳಸುತ್ತಾರೆ. ಒದ್ದೆ ಕೈಯಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿತು ಎಂದು ಅರ್ಥ. ಈ ತೋಳ್ಬಲದ ಕೆಲಸ ನಡೆಯುತ್ತಿರುವಾಗ ಹಸಿಯಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, 48 ಡಿಗ್ರಿಗಿಂತ ಹೆಚ್ಚು ಶಾಖ ತಗುಲಿದರೆ ಅನ್ನ ಸಾಯುತ್ತದೆ ಎಂದು ಉಪದೇಶ ಕೊಡುತ್ತಾನೆ. ಆಮೇಲೆ ತಾನು ಉಣ್ಣುವುದು ‘ಪ್ರಯೋಗಕ್ಕೆ’ ಎಂದು ಪೀಠಿಕೆ ಹಾಕುತ್ತಾನೆ. ಉಪ್ಪು ಬೇಡ, ಎಣ್ಣೆ ಬೇಡ, ಖಾರ ಬೇಡ. “ಅಯ್ಯೋ, ಬರೀ ಇಟ್ಟ ಹೆಂಗ್ ಉಂಡೀರಿ ಸೋಮಿ? ಒಸಿ ಉಪ್ಸಾರಾದ್ರೂ ಬುಟ್ಕಳಿ” ಎಂದು ಮನೆಯಾಕೆ ಅಂಗಲಾಚುತ್ತಾರೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಒಂದಿಷ್ಟು ಉಪ್ಪು. ಅದರಲ್ಲಿ ಹಿಂಸೆ ಎಲ್ಲಿಂದ ಬರಬೇಕು? ಆದರೂ ಕೈ ಅಡ್ಡ ಹಿಡಿಯುತ್ತಾನೆ. ಬರೀ ಹಿಟ್ಟನ್ನು ಮುರಿದು, ಅಗಿದು ತಿನ್ನುತ್ತಾನೆ. ನುಂಗಬೇಕಾದ್ದನ್ನು ಅಗಿಯುವವನನ್ನು ಮೂರು ತಲೆಮಾರು ನಿಂತು ನೋಡುತ್ತದೆ. ಒಂದು ಮುಗಿದಾಗ ಎರಡನೆಯದಕ್ಕೆ ತಟ್ಟೆ ಮುಂದೆ ಸರಿಸುತ್ತಾನೆ, ಮಾತು ಮಾತ್ರ ಸೌತೆಕಾಯಿಯ ಮೇಲೆಯೇ. ಮೂರನೆಯದು ಬೀಳುವಾಗ, ಬೆಂದ ಆಹಾರ ಮನುಷ್ಯನನ್ನು ಹೇಗೆ ಜಡನನ್ನಾಗಿ ಮಾಡುತ್ತದೆ ಎಂದು ವಿವರಿಸುತ್ತಿರುತ್ತಾನೆ. ಮುದ್ದೆ ಉಂಡು ಹಗಲೇ ಎರಡು ಗಂಟೆ ಗೊರಕೆ ಹೊಡೆಯುವ ನನ್ನಂಥವರಿಗೆ ಆ ಮಾತನ್ನು ಅಲ್ಲಗಳೆಯುವ ನೈತಿಕ ಹಕ್ಕಿಲ್ಲ, ನಿಜ. ಆದರೆ ಮೂರು ಮುದ್ದೆಗೆ ಸಾಕಾಗುವಷ್ಟು ಹಿಟ್ಟು ತೊಳಸಿದ ಆ ತೋಳುಗಳಿಗಂತೂ ಇದೆ.

ಅವನ ಸಿದ್ಧಾಂತಕ್ಕೂ ಹೊಟ್ಟೆಗೂ ನಡುವೆ ಇರುವ ಅಂತರ ಹತ್ತಿಪ್ಪತ್ತು ಡಿಗ್ರಿ. ಪಿಷ್ಟ ಎನ್ನುವುದು ಕಾಳಿನಲ್ಲೂ ಗೆಡ್ಡೆಯಲ್ಲೂ ಬಿಗಿಯಾದ ಹರಳುಗಳಾಗಿ ಕೂತಿರುತ್ತದೆ. ಹಸಿಯಾಗಿದ್ದಾಗ ನಮ್ಮ ಕರುಳಿನ ರಸಗಳಿಗೆ ಅದರೊಳಗೆ ಸಲೀಸಾಗಿ ನುಗ್ಗಲು ದಾರಿಯಿಲ್ಲ. ನೀರಿನ ಜೊತೆ ಸುಮಾರು 60ರಿಂದ 70 ಡಿಗ್ರಿ ಕಾಯಿಸಿದಾಗ ಹರಳು ನೀರು ಹೀರಿ, ಉಬ್ಬಿ, ಒಡೆದು ಅಂಟಾಗುತ್ತದೆ. ಆಗ ಅದು ಊಟ. ಹಸಿ ಆಲೂಗಡ್ಡೆಯ ಪಿಷ್ಟದಲ್ಲಿ ಬಹುಪಾಲು ಸಣ್ಣಕರುಳಲ್ಲಿ ಜೀರ್ಣವಾಗದೆ ಮುಂದೆ ಸಾಗಿಬಿಡುತ್ತದೆ. ಅದೇ ಆಲೂಗಡ್ಡೆ ಬೆಂದರೆ ಮಗುವಿಗೂ ಅರಗುತ್ತದೆ. ಹಸಿಯಪ್ಪನಿಗೆ ಇದೆಲ್ಲ ಗೊತ್ತು, ಗೊತ್ತಿರುವುದರಿಂದಲೇ ಸಂಜೆಯ ಪಿಷ್ಟವನ್ನು ಬೇಯಿಸಿಯೇ ತಿನ್ನುತ್ತಾನೆ. ಇತ್ತೀಚೆಗೆ ಬೆಂದು ತಣ್ಣಗಾದ ಪಿಷ್ಟದ ಒಂದಂಶ ಮತ್ತೆ ಗಟ್ಟಿಯಾಗಿ ನಿಧಾನವಾಗಿ ಕರಗುತ್ತದೆ, ಕರುಳಿಗೆ ಒಳ್ಳೆಯದು ಎಂದೂ ಓದಿಕೊಂಡಿದ್ದಾನೆ. ಹಾಗಾಗಿ ರಾತ್ರಿಯ ಮುದ್ದೆ ಎತ್ತಿಟ್ಟು ಮರುದಿನ ಸಂಜೆ ತಿನ್ನುತ್ತಾನೆ. ಈ ಕಡೆಯ ಜನ ಅದನ್ನು ತಂಗಳಿಟ್ಟು ಎಂದು ಕರೆದು, ಒಂದು ಈರುಳ್ಳಿ ಜಜ್ಜಿಕೊಂಡು, ಉಂಡು, ಹೊಲಕ್ಕೆ ಹೋಗುತ್ತಿದ್ದರು. ಅವರಿಗೆ ಅದು ಬಡತನವಾಗಿತ್ತು, ಇವನಿಗೆ ಅದು ಸಂಶೋಧನೆ.

ಅವನ ಆಕ್ಷೇಪಣೆಗಳಿಗೆ ಉತ್ತರ ಕೊಡದಿದ್ದರೆ ನ್ಯಾಯವಾಗುವುದಿಲ್ಲ. ಬೇಯಿಸಿದರೆ ಜೀವಸತ್ವ ಹಾಳಾಗುತ್ತದೆ ಎನ್ನುತ್ತಾನೆ. ಸಿ ಜೀವಸತ್ವದ ಮಟ್ಟಿಗೆ, ಫೋಲೇಟಿನ ಮಟ್ಟಿಗೆ ಇದು ಸರಿ. ಆದರೆ ಟೊಮೆಟೊದ ಲೈಕೊಪೀನ್, ಕ್ಯಾರೆಟ್ಟಿನ ಕ್ಯಾರೊಟಿನ್ ಬೆಂದಾಗಲೇ ಮೈಗೆ ಚೆನ್ನಾಗಿ ಹತ್ತುತ್ತವೆ. ರಾಗಿಯ ಸುಣ್ಣದಂಶ ಕುದಿಸಿದ ಮಾತ್ರಕ್ಕೆ ಆವಿಯಾಗಿ ಹಾರಿಹೋಗುವುದಿಲ್ಲ. ಹಸಿ ಸೊಪ್ಪಿನಲ್ಲಿ ಜೀವಂತ ಕಿಣ್ವಗಳಿವೆ, ಅವೇ ಜೀರ್ಣ ಮಾಡಿಕೊಡುತ್ತವೆ ಎನ್ನುತ್ತಾನೆ. ಕಿಣ್ವವೆಂದರೆ ಪ್ರೋಟೀನು, ಜಠರದ ಆಮ್ಲಕ್ಕೆ ಸೌತೆಕಾಯಿಯ ಕಿಣ್ವ, ಅವರೆಕಾಳಿನ ಪ್ರೋಟೀನು ಎಂಬ ಭೇದಭಾವವಿಲ್ಲ, ಎರಡನ್ನೂ ಮುರಿದು ಹಾಕುತ್ತದೆ. ಪಿಷ್ಟ ಒಡೆಯುವ ಕಿಣ್ವ ನಮ್ಮ ಎಂಜಲಿನಲ್ಲೇ ಇದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ತಲೆತಲಾಂತರದಿಂದ ಹೆಚ್ಚು ಪಿಷ್ಟ ತಿಂದ ಜನಾಂಗಗಳಲ್ಲಿ ಆ ಕಿಣ್ವದ ವಂಶವಾಹಿಯ ಪ್ರತಿಗಳು ಸರಾಸರಿ ಹೆಚ್ಚು, ಚಿಂಪಾಂಜಿಗಳಿಗೆ ಎರಡೇ. ಎಂದರೆ ನಮ್ಮ ಬಾಯಿ ಹಿಟ್ಟಿಗೆಂದೇ ಸಿದ್ಧವಾದದ್ದು. ಇನ್ನು ಪೂರಾ ಹಸಿಯ ಮೇಲೆ ಬದುಕಿದವರ ಗತಿ ಏನು? ಜರ್ಮನಿಯ ಗೀಸೆನ್ನಿನ ಸಂಶೋಧಕರು ವರ್ಷಗಟ್ಟಲೆ ಹಸಿ ತಿಂದಿದ್ದ ಐನೂರಕ್ಕೂ ಹೆಚ್ಚು ಗಂಡಸರು ಹೆಂಗಸರನ್ನು ಪರಿಶೀಲಿಸಿ 1999ರಲ್ಲಿ ಬರೆದರು. ಹಸಿಯ ಪಾಲು ಏರಿದಷ್ಟೂ ತೂಕ ಇಳಿದಿತ್ತು. 45ರೊಳಗಿನ ಹೆಂಗಸರಲ್ಲಿ ಸುಮಾರು ಶೇಕಡಾ 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇ ಹೋಗಿತ್ತು. ಸಂಜೆಯ ಮುದ್ದೆ ಹಸಿಯಪ್ಪನನ್ನೂ, ಅದಕ್ಕಿಂತ ಮುಖ್ಯವಾಗಿ ಹಸಿಯಮ್ಮನನ್ನೂ ಕಾಯುತ್ತಿರುವುದು ಇಂಥ ಗತಿಯಿಂದ.

“ಹಾಗಾದರೆ ಬಾಳೆಹಣ್ಣು?” ಎಂದು ಅವನು ಎದ್ದು ನಿಲ್ಲುತ್ತಾನೆ. ಇದು ತೂಕದ ಆಕ್ಷೇಪಣೆ. ಬಾಳೆ, ತೆಂಗಿನಕಾಯಿ, ಕಡಲೆಕಾಯಿ ಸೇರಿಸಿದರೆ ಹಸಿಯಲ್ಲೂ ಕಸುವು ತುಂಬುತ್ತದೆ, ಒಪ್ಪಲೇಬೇಕು. ಬಾಳೆಕಾಯಿಯಲ್ಲಿದ್ದ ಪಿಷ್ಟ ಹಣ್ಣಾಗುವಾಗ ತಾನೇ ಸಕ್ಕರೆಯಾಗುತ್ತದೆ. ಒಲೆಯ ಕೆಲಸವನ್ನು ಗಿಡವೇ ಮಾಡಿಕೊಟ್ಟಿರುತ್ತದೆ. ಆದರೆ 2000 ಕ್ಯಾಲೊರಿಗೆ ಸಿಪ್ಪೆ ಸುಲಿದ ಬಾಳೆಹಣ್ಣು ಎರಡು ಕಿಲೋಗಿಂತ ಹೆಚ್ಚು ಬೇಕು, ದಿನವೂ. ಮೊದಲ ವಾರ ಭಕ್ತಿ, ಎರಡನೆಯ ವಾರ ಛಲ, ಮೂರನೆಯ ವಾರ ಪಕ್ಕದ ಮನೆಯ ಎಸರಿನ ವಾಸನೆ. ತಾಳವಾಡಿ ಸುತ್ತಲಿನ ಕಾಡಿನಲ್ಲಿ, ಅಂದರೆ ಸತ್ಯಮಂಗಲ ಹುಲಿ ಅಭಯಾರಣ್ಯದಲ್ಲಿ, ಶೇಕಡಾ 100 ಹಸಿಯ ಮೇಲೆ ಬಾಳುವ ಜೀವಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆನೆ. ಅದು ದಿನಕ್ಕೆ 150 ಕಿಲೋದಷ್ಟು ಮೇವು ತಿನ್ನುತ್ತದೆ, ತಿನ್ನುವುದರಲ್ಲೇ ಹದಿನಾರು ಗಂಟೆ ಕಳೆಯುತ್ತದೆ, ಕಂಪ್ಯೂಟರಿನ ಕೆಲಸಕ್ಕೆ ಬಿಡುವಿಲ್ಲ. ಆ ವ್ರತಸ್ಥ ಪ್ರಾಣಿ ಕೂಡ ಸೊಪ್ಪುಸದೆಯಿಂದ ಬೇಸತ್ತು, ಹಾಸನೂರಿನ ಆಚೆ ಕಾರಪಳ್ಳಂ ತಪಾಸಣಾ ಠಾಣೆಯ ಹತ್ತಿರ ಕಬ್ಬಿನ ಲಾರಿಗಳನ್ನು ತಡೆದು ಸುಂಕ ವಸೂಲಿ ಮಾಡುತ್ತದೆ.

ಇಷ್ಟಾದ ಮೇಲೆ ಋಷಿಮುನಿಗಳು ಬರುತ್ತಾರೆ. ಅವರು ಕಂದಮೂಲ ತಿಂದು ನೂರು ವರ್ಷ ಬಾಳಲಿಲ್ಲವೇ? ಕಂದಮೂಲವನ್ನು ಹಸಿಯಾಗಿಯೇ ತಿಂದರು ಎಂದು ಇವನಿಗೆ ಹೇಳಿದವರು ಯಾರೋ. ಈ ಬೆಟ್ಟಗಳಲ್ಲಿ ಕಂದಮೂಲದ ವಿಷಯ ಕೇಳಬೇಕಾದ್ದು ಇಲ್ಲಿನ ಬುಡಕಟ್ಟಿನವರಾದ ಸೋಲಿಗರನ್ನು, ಊರಾಳಿಗಳನ್ನು. ಕಾಡುಗೆಣಸನ್ನು ಅಗೆದು ತಂದು ಅವರು ಬೇಯಿಸುತ್ತಾರೆ, ಇಲ್ಲವೇ ಕೆಂಡದಲ್ಲಿ ಸುಡುತ್ತಾರೆ. ಕಾರಣ ಸ್ಪಷ್ಟ. ಸುವರ್ಣಗೆಡ್ಡೆ, ಕೆಸವಿನಗೆಡ್ಡೆಗಳಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಹಸಿಯಾಗಿ ಕಚ್ಚಿದವನ ಗಂಟಲೇ ಸಾಕ್ಷಿ ಹೇಳುತ್ತದೆ. ಮರಗೆಣಸಿನಲ್ಲಿ ಸಯನೈಡು ಬಿಡುವ ಅಂಶವಿದೆ; ಕಹಿ ಜಾತಿಯದನ್ನು ಸರಿಯಾಗಿ ನೆನೆಸಿ ಬೇಯಿಸದೆ ತಿಂದರೆ ಪ್ರಾಣಕ್ಕೇ ಸಂಚಕಾರ. ಗಾಂಧೀಜಿಯ ಹೆಸರನ್ನೂ ಹಸಿಯಪ್ಪ ಎಳೆದು ತರುತ್ತಾನೆ. ಗಾಂಧೀಜಿ 1893ರಲ್ಲಿ ಪ್ರಿಟೋರಿಯಾದಲ್ಲಿ ಒಮ್ಮೆ, 1929ರಲ್ಲಿ ಮತ್ತೊಮ್ಮೆ ಬೇಯಿಸದ ಆಹಾರದ ಪ್ರಯೋಗ ಮಾಡಿದ್ದು ದಿಟ. ಎರಡು ಸಲವೂ ಕೈಬಿಟ್ಟದ್ದೂ ಅಷ್ಟೇ ದಿಟ. ಅವರ ದೊಡ್ಡತನ ಇರುವುದು, ಶುರು ಮಾಡಿದ್ದನ್ನು ಹೇಗೆ ಊರಿಗೆಲ್ಲ ತಿಳಿಸಿದರೋ ನಿಲ್ಲಿಸಿದ್ದನ್ನೂ ಹಾಗೆಯೇ ತಿಳಿಸಿದ್ದರಲ್ಲಿ. ಹಸಿಯಪ್ಪ ಗಾಂಧಿಯ ಮೊದಲ ಅರ್ಧವನ್ನು ಮಾತ್ರ ಓದಿದ್ದಾನೆ.

ಹೀಗೆಲ್ಲ ಬೈದರೂ ಅವನನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸು ಬಾರದು. ಎಣ್ಣೆ, ಸಕ್ಕರೆ, ಪ್ಯಾಕೆಟ್ಟು ತಿಂಡಿ ಬಿಟ್ಟು ಸೊಪ್ಪು ತರಕಾರಿ ಹೆಚ್ಚಿಸಿದ್ದಾನೆ. ಅವನ ರಕ್ತದೊತ್ತಡದ ಲೆಕ್ಕ, ಅವನನ್ನು ನೋಡಿ ನಗುವ ನಮ್ಮಲ್ಲಿ ಅನೇಕರದಕ್ಕಿಂತ ಚೆನ್ನಾಗಿದ್ದರೆ ಆಶ್ಚರ್ಯವಿಲ್ಲ. ಬಿ12 ಮಾತ್ರೆ ನುಂಗುತ್ತಾನೋ ಇಲ್ಲವೋ ಎಂಬುದೊಂದು ಕೇಳಬೇಕು, ಎಲೆಕೋಸನ್ನು ತೊಳೆದು ತಿನ್ನು ಎಂದೊಂದು ಹೇಳಬೇಕು. ಬೇಯಿಸದ ಕೋಸಿನಲ್ಲಿ ಔಷಧಿ ಸಿಂಪಡಿಸಿದ್ದೂ ಇರುತ್ತದೆ, ಲಾಡಿಹುಳುವಿನ ಮೊಟ್ಟೆಯೂ ಇರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಈ ಸೀಮೆಯಲ್ಲಿ ರಾಗಿಯನ್ನು ಹುಡುಕಿಕೊಂಡು ಬಂದು, ಬೆಲೆ ಕೊಟ್ಟು, ಹೊಗಳಿ ಕೊಳ್ಳುವ ಗಿರಾಕಿ ಈಗ ಅವನೇ. ರಾಗಿ ನಿಂತಿದ್ದ ಹೊಲಗಳಲ್ಲಿ ಮುಸುಕಿನ ಜೋಳ, ಕೋಸು, ಆಲೂಗಡ್ಡೆ, ಚೆಂಡುಹೂವು ಬಂದಿವೆ. ತಮಿಳುನಾಡು ಸರ್ಕಾರ 2011ರಿಂದ ಪಡಿತರದಲ್ಲಿ ಪುಕ್ಕಟೆ ಅಕ್ಕಿ ಕೊಡುತ್ತಿದೆ. ಹಸಿವು ನೀಗಿಸಿದ ಕೆಲಸ ಅದು, ದೂರಲು ಬಾಯಿ ಬಾರದು. ಆದರೆ ಅನ್ನ ಉಂಡು ಬೆಳೆದ ಮಕ್ಕಳಿಗೆ ಮುದ್ದೆ ಗಂಟಲಲ್ಲಿ ಇಳಿಯದು. ಹಿಟ್ಟು ತೊಳಸುವ ತೋಳುಗಳಿಗೂ ವಯಸ್ಸಾಯಿತು. ತಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿರುವ ಊಟವನ್ನು ಪೇಟೆಯಿಂದ ಬಂದವನೊಬ್ಬ ಮೂರು ಸಲ ಹಾಕಿಸಿಕೊಂಡು ಉಣ್ಣುವುದನ್ನು ಕಂಡರೆ ಆ ಮನೆಯಾಕೆಗೆ ಸಿಟ್ಟು ಬರುವುದಿಲ್ಲ, ಒಳಗೊಳಗೇ ಸಂತೋಷವೇ ಆಗುತ್ತದೆ. ನನ್ನ ವಾದ ಸಡಿಲಾಗುವ ಜಾಗ ಇದೊಂದೇ.

ಸಡಿಲಾದರೂ ಮುರಿಯುವುದಿಲ್ಲ. ಹಸಿಯಪ್ಪ ತಿನ್ನುವುದನ್ನು ಬದಲಾಯಿಸಬೇಕಾದ್ದಿಲ್ಲ, ಹೇಳುವುದನ್ನು ತಿದ್ದಿಕೊಂಡರೆ ಸಾಕು: ಹಗಲೆಲ್ಲ ತರಕಾರಿ ಮೆಲ್ಲುವ, ಹಿಟ್ಟಿನ ಮೇಲೆ ಬದುಕುವ ಮನುಷ್ಯ ನಾನು ಎಂದರೆ ಯಾರೂ ತಕರಾರು ಎತ್ತುವುದಿಲ್ಲ. ಅವನು ಹಾಗೆ ಹೇಳುವ ಲಕ್ಷಣ ಸದ್ಯಕ್ಕೆ ಕಾಣುವುದಿಲ್ಲವಾದ್ದರಿಂದ, ಓದುಗರಿಗೆ ಒಂದು ಕಿವಿಮಾತು. ಇಂಥವನು ಸಂಜೆ ನಿಮ್ಮ ಮನೆಗೆ ಬಂದು, ತಾನು ಶೇಕಡಾ 90 ಹಸಿ, ತನಗೇನೂ ಮಾಡಬೇಡಿ ಎಂದರೆ ಮಾತಿಗೆ ಮರುಳಾಗಬೇಡಿ. ಮೂರು ಮುದ್ದೆಗೆ ಆಗುವಷ್ಟು ಎಸರು ಜಾಸ್ತಿ ಇಡಿ.